‘ಇವಳು ಆ ಥರದವಳಲ್ಲ’: ಒಂದು ಸ್ನೇಹದ ಪ್ರಕರಣ

(ಹೆಸರು, ಕೋರ್ಸು ಮತ್ತು ಗುರುತು ಸಿಗುವ ಇತರ ವಿವರಗಳನ್ನು ಬದಲಿಸಿದೆ. ಒಂದೇ ಬಗೆಯ ಬೇರೆ ಪ್ರಕರಣಗಳ ಅಂಶಗಳೂ ಇದರಲ್ಲಿ ಬೆರೆತಿವೆ.)

ಶೈಲಾಗೆ 20 ವರ್ಷ. ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಫಾರ್ಮಸಿ ಓದುತ್ತಿದ್ದಾಳೆ. ಊರು ಯಲ್ಲಾಪುರದ ಸೀಮೆ, ಅಡಿಕೆ ತೋಟದ ಮನೆ. ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದು ನಮ್ಮ ಬಳಿ ಆಪ್ತಸಲಹೆಗೆ ಬಂದಳು. ಮೊದಲ ಭೇಟಿಯ ಕೊನೆಗೆ ವಿಷಯ ಹೊರಬಿತ್ತು. ಅವಳ ಜೊತೆ ಒಂದೇ ಬಾಡಿಗೆ ಮನೆಯಲ್ಲಿರುವ ಟಾಂಜಾನಿಯಾದ ಗೆಳತಿ, ನೀಮಾ ಎನ್ನೋಣ, ಮಾತು ಕಡಿಮೆ ಮಾಡಿದ್ದಾಳೆ. ಮೊದಲೆಲ್ಲ ರಾತ್ರಿ ಅಡುಗೆ ಇಬ್ಬರದೂ ಒಂದೇ ಆಗಿತ್ತು, ಈಗ ಬೇರೆ. ಇದರ ಮೇಲೆ ಮನೆ ಮಾಲೀಕರು ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ ಅಂದಿದ್ದಾರೆ. “ಓನರ್ ಹತ್ರ, ಮನೇಲಿ, ಕ್ಲಾಸಲ್ಲಿ, ಎಲ್ಲಾ ಕಡೆ ಅವಳ ಪರ ಜಗಳ ಆಡಿದ್ದು ನಾನು ಮೇಡಂ. ನನ್ನ ಮೇಲೇ ಯಾಕೆ ಸಿಟ್ಟು?”

ಜಗಳದಲ್ಲಿ ಏನಂದೆ, ಆಡಿದ ಮಾತನ್ನೇ ಹೇಳು ಎಂದು ಕೇಳಿದೆವು. ಮಾಲೀಕರು “ಆಫ್ರಿಕದವರು ಅಂದ್ರೆ ಡ್ರಗ್ಸು, ಪೊಲೀಸು, ಗಲಾಟೆ” ಅಂದಾಗ ಅವಳು ಕೊಟ್ಟ ಉತ್ತರ: “ಅಂಕಲ್, ಇವಳು ಆ ಥರದವಳಲ್ಲ. ಚರ್ಚಿಗೆ ಹೋಗ್ತಾಳೆ, ಕುಡಿಯಲ್ಲ.” ನೀಮಾ ಪಕ್ಕದಲ್ಲೇ ನಿಂತಿದ್ದಳು. ಅಷ್ಟು ಕನ್ನಡ ಅವಳಿಗೆ ಅರ್ಥವಾಗುತ್ತದೆ.

ಆಪ್ತಸಲಹೆಯಲ್ಲಿ ನಾವು ಹೆಚ್ಚು ಹೊತ್ತು ಕೂತದ್ದು ಈ ಒಂದು ಮಾತಿನ ಮೇಲೆ. ಗೆಳತಿಯನ್ನು ಪಾರು ಮಾಡಲು ಆಡಿದ ಮಾತು ‘ಆ ಥರದವರು’ ಇದ್ದಾರೆಂದು ಒಪ್ಪಿಕೊಂಡೇ ಶುರುವಾಗುತ್ತದೆ. ಕೇಳಿದವರ ಅಭಿಪ್ರಾಯ ಕೂದಲಷ್ಟೂ ಅಲುಗುವುದಿಲ್ಲ, ಒಬ್ಬಳಿಗೆ ಮಾತ್ರ ರಿಯಾಯಿತಿ ಸಿಗುತ್ತದೆ. ಆ ರಿಯಾಯಿತಿ ಉಳಿಯಬೇಕಾದರೆ ಅವಳು ದಿನಾ ಒಳ್ಳೆಯವಳಾಗಿರಬೇಕು. ಒಂದು ದಿನ ಜೋರಾಗಿ ಹಾಡು ಹಾಕಿದರೂ ಮುಗಿಯಿತು.

ನೀಮಾಳ ಜಾಗದಲ್ಲಿ ನಿಂತು ನೋಡಲು ಶೈಲಾಗೆ ಹೆಸರಘಟ್ಟ ರಸ್ತೆ ಕಡೆಯದೇ ಒಂದು ಘಟನೆ ನೆನಪಿಸಿದೆವು. 2016ರ ಜನವರಿ 31ರ ರಾತ್ರಿ ಸೋಲದೇವನಹಳ್ಳಿ ಸುತ್ತಿನಲ್ಲಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತರು. ಸುಮಾರು ಅರ್ಧ ಗಂಟೆ ಬಿಟ್ಟು ಆ ದಾರಿಯಲ್ಲಿ ಬಂದ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಮರುವರ್ಷ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಹುಡುಗನೊಬ್ಬ ಸತ್ತಾಗ ‘ನರಭಕ್ಷಕರು’ ಎಂಬ ಗಾಳಿಸುದ್ದಿ ಹಬ್ಬಿ ನೈಜೀರಿಯಾದ ವಿದ್ಯಾರ್ಥಿಗಳು ಪೆಟ್ಟು ತಿಂದರು. ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಹಿರಿಯ ವಿದ್ಯಾರ್ಥಿಗಳು ಇಂಥವನ್ನೆಲ್ಲ ಹೇಳಿಯೇ ಹೇಳಿರುತ್ತಾರೆ. ಗುಂಪು ಯಾರ ನಡತೆಯನ್ನೂ ವಿಚಾರಿಸಲಿಲ್ಲ ಎಂಬುದು ನೀಮಾಗೆ ಗೊತ್ತು. ‘ಆ ಥರದವಳಲ್ಲ’ ಎಂಬ ಸಮರ್ಥನೆಯಿಂದ ಅವಳಿಗೆ ಧೈರ್ಯ ಬರುವುದಾದರೂ ಹೇಗೆ?

ಎರಡನೇ ಎಳೆ ಊರಿನದು. ದೀಪಾವಳಿ ರಜೆಯಲ್ಲಿ ನೀಮಾಳನ್ನು ಕರೆದುಕೊಂಡು ಹೋಗಿದ್ದಳು. ಆಯಿ (ಅಮ್ಮ) ನಗುನಗುತ್ತಲೇ ಮಾತಾಡಿಸಿದರಂತೆ. ಎಲ್ಲರಿಗೂ ಒಳಗಿನ ಲೋಟದಲ್ಲಿ ಚಹಾ ಬಂತು. ನೀಮಾಗೆ ಬಂದದ್ದು ಜಗಲಿಯ ಗೂಡಿನಲ್ಲಿ ಕವುಚಿಟ್ಟಿದ್ದ, ಅಂಚು ನೆಗ್ಗಿದ ಸ್ಟೀಲ್ ಲೋಟದಲ್ಲಿ. ಕುಡಿದಾದ ಮೇಲೆ ಅಂಗಳದ ನಲ್ಲಿ ತೋರಿಸಿ, ತೊಳೆದು ಅಲ್ಲೇ ಇಡು ಅಂದರು. ತೋಟದ ಕೆಲಸಕ್ಕೆ ಬರುವ ಸಿದ್ದಿಯವರ ಲೋಟ ಅದು. ಶೈಲಾಗೆ ಆ ಹೊತ್ತಿಗೆ ಏನೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಬೀಳುವುದಿಲ್ಲ. ಮೇಲಿಂದ ಅವಳು ಉತ್ಸಾಹದಲ್ಲಿ “ನಿಮ್ಮೋರು ನಮ್ಮೂರಲ್ಲೂ ಇದಾರೆ ನೋಡು” ಅಂತ ಸಿದ್ದಿ ಮಹಿಳೆಯೊಬ್ಬರನ್ನು ತೋರಿಸಿದ್ದಳು.

ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಅನೇಕರನ್ನು ಗುಲಾಮರಾಗಿ ತಂದವರು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು. ಗೋವೆಯಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದಾರೆ. ಮನೆಮಾತಿನಲ್ಲಿ ಕೊಂಕಣಿಯಿದೆ, ಕನ್ನಡವಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಸಿದ್ದಿಗಳು ಶೈಲಾಳ ಊರಿನವರು, ಟಾಂಜಾನಿಯಾದ ದಾರ್ ಎಸ್ ಸಲಾಮಿನ ಹುಡುಗಿಗೆ ‘ನಿಮ್ಮೋರು’ ಆಗುವುದು ಬಣ್ಣ ಒಂದರಿಂದಲೇ. ಬೆಂಗಳೂರಲ್ಲಿ ಓದುವ ಸಿದ್ದಿ ಮಕ್ಕಳನ್ನು ‘ಯಾವ ದೇಶ?’ ಎಂದು ಕೇಳುವುದೂ ಇದೇ ಕಣ್ಣು.

“ಆಯಿಗೆ ಸಿದ್ದಿಯವರ ಜೊತೆ ಚಿಕ್ಕಂದಿನಿಂದ ಒಡನಾಟ ಇದೆ, ಆಯಿಗೆ ಭೇದ ಹೇಗೆ ಬರತ್ತೆ?” ಎಂದು ಶೈಲಾ ಕೇಳಿದಳು. ಸರಿಯಾದ ಪ್ರಶ್ನೆ. ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್ಪೋರ್ಟ್ 1954ರಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಡನಾಟದಿಂದ ಪೂರ್ವಗ್ರಹ ಕರಗಬೇಕಾದರೆ ಇಬ್ಬರ ಸ್ಥಾನ ಸಮನಾಗಿರಬೇಕು, ಗುರಿ ಒಂದಿರಬೇಕು, ಕೂಡಿ ಕೆಲಸ ಮಾಡುವಂತಿರಬೇಕು, ಮೇಲಿನವರ ಬೆಂಬಲವೂ ಇರಬೇಕು. ಜಗಲಿಯ ಒಡನಾಟದಲ್ಲಿ ಮೊದಲನೆಯದೇ ಇಲ್ಲ. ಒಬ್ಬರು ಕೂಲಿ ಕೊಡುವವರು, ಇನ್ನೊಬ್ಬರು ತೆಗೆದುಕೊಳ್ಳುವವರು. ನಲವತ್ತು ವರ್ಷ ಹೀಗೆ ಕಳೆದರೆ ಭೇದ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಶೈಲಾ–ನೀಮಾ ಒಂದೇ ಲ್ಯಾಬಿನಲ್ಲಿ ನಿಂತು, ಬಾಡಿಗೆ ಅರ್ಧರ್ಧ ಹಂಚಿಕೊಂಡು ಬದುಕಿದವರು. ಅವರ ಸ್ನೇಹ ಹತ್ತಿದ್ದು ಆ ಕಾರಣಕ್ಕೆ.

ಸಲಹೆಗೆ ಬರುತ್ತೇವೆ.

ನೀಮಾ ಹತ್ತಿರ ಕ್ಷಮೆ ಕೇಳುವುದು ಮೊದಲು. ವಾಟ್ಸ್ಯಾಪಿನಲ್ಲಿ ಬೇಡ, ಪರೀಕ್ಷೆಯ ಹಿಂದಿನ ರಾತ್ರಿಯೂ ಬೇಡ. ಮೂರು ನಾಲ್ಕು ವಾಕ್ಯ ಸಾಕು: ಲೋಟದ ವಿಷಯ ಆಮೇಲೆ ತಿಳಿಯಿತು, ಅದು ತಪ್ಪು. ‘ನಿಮ್ಮೋರು’ ಅಂದದ್ದು, ಓನರ್ ಮುಂದೆ ‘ಆ ಥರದವಳಲ್ಲ’ ಅಂದದ್ದು ತಪ್ಪು. ಇನ್ನು ಹಾಗೆ ಆಗಗೊಡುವುದಿಲ್ಲ. ಇಲ್ಲಿ ಕೆಡುವುದು ಎರಡು ಕಡೆ. ‘ಆಯಿ ಮನಸ್ಸಲ್ಲಿ ಏನಿಲ್ಲ’ ಎಂಬ ವಿವರಣೆ ಸೇರಿದರೆ ಕ್ಷಮೆ ವಕಾಲತ್ತಾಗುತ್ತದೆ. ಅಳು ಬಂದರೆ ನೊಂದವಳೇ ಎದ್ದು ಸಮಾಧಾನ ಮಾಡಬೇಕಾಗುತ್ತದೆ. ಅಳುವುದನ್ನು ನಮ್ಮ ಕೋಣೆಯಲ್ಲೇ ಮುಗಿಸು ಎಂದೆವು. ಉತ್ತರಕ್ಕೆ ಒತ್ತಾಯ ಬೇಡ, ವಾರ ಎರಡು ವಾರ ಸುಮ್ಮನಿರು.

‘ನಾನೂ ಕಪ್ಪೇ, ಚಿಕ್ಕಂದಿನಲ್ಲಿ ಕಡಲೆಹಿಟ್ಟು ಹಚ್ಚಿ ಹಚ್ಚಿ ಸಾಕಾಗಿತ್ತು, ನಂಗೂ ಆ ನೋವು ಗೊತ್ತು’ ಎಂದು ಹೇಳಲಾ ಎಂದು ಕೇಳಿದಳು. ಆ ನೋವು ಸುಳ್ಳಲ್ಲ. ಆದರೆ ಬಣ್ಣದ ಕಾರಣಕ್ಕೆ ಅವಳಿಗೆ ಯಾರೂ ಮನೆ ಇಲ್ಲ ಅಂದಿರಲಿಲ್ಲ. ಈಗ ಬೇಡ, ಎಂದಾದರೂ ನೀಮಾ ತಾನಾಗಿ ಕೇಳಿದರೆ ಹೇಳು ಎಂದೆವು.

ದಿನನಿತ್ಯದ ಸಣ್ಣ ವಿಷಯಗಳೂ ಇದ್ದವು. ಶೈಲಾ ನೀಮಾಳ ಜಡೆಯನ್ನು ಮುಟ್ಟಿ ಮುಟ್ಟಿ ನೋಡುವುದು, ‘ತಲೆ ಯಾವಾಗ ತೊಳೀತೀಯ’ ಎಂದು ಕ್ಲಾಸಿನವರ ಮುಂದೆ ಕೇಳುವುದು. ಸುರುಳಿ ಕೂದಲಿನಲ್ಲಿ ನೆತ್ತಿಯ ಎಣ್ಣೆ ತುದಿಯವರೆಗೆ ಇಳಿಯದೆ ಕೂದಲು ಬೇಗ ಒಣಗುತ್ತದೆ. ದಿನಾ ತೊಳೆದರೆ ತುಂಡಾಗುತ್ತದೆ. ಸಣ್ಣ ಜಡೆ ಹೆಣೆಯಲು ಐದಾರು ಗಂಟೆ ಹಿಡಿಯುತ್ತದೆ, ವಾರಗಟ್ಟಲೆ ಬಿಚ್ಚುವುದಿಲ್ಲ, ನಡುವೆ ನೆತ್ತಿ ಮಾತ್ರ ತೊಳೆದುಕೊಳ್ಳುತ್ತಾರೆ. ಗಲೀಜಿನ ಪ್ರಶ್ನೆಯೇ ಅಲ್ಲ ಅದು. ಆಫ್ರಿಕಾದಲ್ಲಿ 54 ದೇಶಗಳಿವೆ ಎಂಬುದನ್ನೂ, ‘ಆಫ್ರಿಕಾ ಪ್ರಜೆ ಬಂಧನ’ ಎಂಬ ಪತ್ರಿಕೆಯ ಸಾಲಿನಲ್ಲಿ ಹೇಳುವ ಪ್ರಜೆತನ ಎಲ್ಲೂ ಇಲ್ಲ ಎಂಬುದನ್ನೂ ಅವಳೇ ಓದಿ ತಿಳಿದುಕೊಳ್ಳಲಿ. ನೀಮಾಳನ್ನು ಮೇಷ್ಟ್ರು ಮಾಡುವುದು ಬೇಡ.

ಮಾಲೀಕರ ಮುಂದೆ ನಡತೆಯ ಪ್ರಮಾಣಪತ್ರ ಕೊಡುವುದನ್ನು ಬಿಟ್ಟು ಕಾಗದ ಮುಂದಿಡಲು ಹೇಳಿದೆವು. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಕಾಲೇಜಿನ ಬೋನಫೈಡ್, ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಓ) ನೋಂದಣಿ (180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದವರು ಬಂದ 14 ದಿನದೊಳಗೆ ಮಾಡಿಸುವಂಥದ್ದು), ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ. ಆಮೇಲೆ ಒಂದೇ ಪ್ರಶ್ನೆ: “ದೂರು ಏನು ಅಂಕಲ್, ಯಾವ ದಿನದ್ದು?” ಉತ್ತರ ಬಂದದ್ದು ಹೀಗೆ: ಒಂದು ಹುಟ್ಟುಹಬ್ಬದ ಗದ್ದಲ, ಮತ್ತೆ ಪೊಲೀಸ್ ಭಯ. ಭಯದ ಬುಡದಲ್ಲಿ ಇದ್ದದ್ದು ಸಿ-ಫಾರ್ಮ್. ವಿದೇಶಿಯರು ವಾಸಕ್ಕೆ ಬಂದರೆ ಮನೆಯವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಇವರು ಅದನ್ನು ಕೊಟ್ಟಿರಲೇ ಇಲ್ಲ. ಎಷ್ಟೋ ಕಡೆ ಕಥೆ ಇದೇ, ತಮ್ಮ ಕಡೆಯ ಬಾಕಿ ಕಾಗದದ ಹೆದರಿಕೆ ಬಾಡಿಗೆದಾರರ ಬಣ್ಣದ ಮೇಲೆ ಹೋಗಿ ಕೂರುತ್ತದೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗದವರು ಕೂತು ತುಂಬಿಸಿಕೊಟ್ಟರು. ಕರಾರು ಮುಂದುವರಿಯಿತು, ಬಾಡಿಗೆ ಮಾತ್ರ ಸ್ವಲ್ಪ ಏರಿತು.

ಆಯಿಯ ವಿಷಯದಲ್ಲಿ ಶೈಲಾ ಅವಸರ ಮಾಡಿದಳು. ಫೋನಿನಲ್ಲಿ ಗುಲಾಮಗಿರಿಯ ಚರಿತ್ರೆ ಪೂರ್ತಿ ಹೇಳಿದಳು. “ಇದಕ್ಕೇ ನಿನ್ನ ಓದಿಸಿದ್ದು?” ಎಂದು ಆಯಿ ಫೋನಿಟ್ಟರು. ಭಾಷಣಕ್ಕೆ ಬದಲು ಕೈಯಲ್ಲಿ ಹಿಡಿಯುವಂಥ ಒಂದು ಕೆಲಸ ಕೇಳು ಎಂದೆವು: ಆ ಲೋಟ ಒಳಗೆ ಬರಲಿ, ಎಲ್ಲರ ಲೋಟದ ಜೊತೆ ತೊಳೆಯಲಿ, ರಜೆಗೆ ಹೋದಾಗ ತೊಳೆಯುವುದು ಶೈಲಾ. ಅವಳು ಕೂಡಲೇ ಕೇಳಿದಳು: “ನೀಮಾ ಬಂದಾಗ ಮಾತ್ರಾನಾ, ಕೆಲಸದವರಿಗೂನಾ?” ನೀಮಾಗೆ ಮಾತ್ರ ಆದರೆ ಓನರ್ ಮುಂದೆ ಆಡಿದ ಮಾತನ್ನೇ ಮನೆಯಲ್ಲಿ ಮತ್ತೆ ಆಡಿದಂತೆ, ಯೋಚಿಸಿ ನೋಡು ಎಂದೆವು. ಈಗ ಆಯಿ ಕೂಲಿಯವರ ಲೋಟದ ವಿಷಯ ಒಪ್ಪಿಲ್ಲ. ಶೈಲಾ ರಜೆಯಲ್ಲಿ ಜಗಲಿಯಲ್ಲೇ ಕೂತು ಕೆಲಸದವರ ಜೊತೆ ಚಹಾ ಕುಡಿಯುತ್ತಾಳೆ.

ನೀಮಾ ಕ್ಷಮೆ ಒಪ್ಪಿದ್ದಾಳೆ, ಊರಿಗೆ ಮಾತ್ರ ಬರುವುದಿಲ್ಲ ಅಂದಿದ್ದಾಳೆ. ಮತ್ತೆ ಕರೆಯಬೇಡ ಎಂಬುದು ನಮ್ಮ ಸಲಹೆ. ಅವಳೂ ಆಪ್ತಸಲಹೆಗೆ ಬರಲು ಬಯಸಿದಾಗ ಬೇರೆ ಸಲಹೆಗಾರರ ಬಳಿ ಕಳುಹಿಸಿದೆವು. ಇಬ್ಬರು ಗೆಳತಿಯರ ಗುಟ್ಟು ಒಬ್ಬರೇ ಸಲಹೆಗಾರರ ಕಿವಿಗೆ ಬೀಳಬಾರದು, ಅದರಲ್ಲೂ ಒಬ್ಬಳು ಇನ್ನೊಬ್ಬಳಿಂದ ನೊಂದಿರುವಾಗ.