ಆಯ್ಕೆಯಾಗದ ಮಗಳಿಗೆ ಏನು ಹೇಳಲಿ?

ಪ್ರಶ್ನೆ: ಜಿಲ್ಲಾ ಹಾಕಿ ತಂಡಕ್ಕೆ ಆಯ್ಕೆಯಾಗದ ನನ್ನ ಹದಿನಾಲ್ಕು ವರ್ಷದ ಮಗಳು, ತನಗೆ ಹುಟ್ಟಿನಿಂದಲೇ ಪ್ರತಿಭೆಯಿಲ್ಲವೆಂದು ಅಭ್ಯಾಸವನ್ನೇ ನಿಲ್ಲಿಸಿದ್ದಾಳೆ. ಅವಳಿಗೆ ಹೇಗೆ ಧೈರ್ಯ ತುಂಬಲಿ?
– ಒಬ್ಬ ತಾಯಿ, ಪೊನ್ನಂಪೇಟೆ

ಉತ್ತರ: ಹಾಕಿ ಮನೆತನದ ಹೆಮ್ಮೆಯಾಗಿರುವ ಕೊಡಗಿನಲ್ಲಿ ‘ಆಟ ರಕ್ತದಲ್ಲೇ ಬಂದದ್ದು’ ಎಂಬ ಮಾತನ್ನು ಮಕ್ಕಳು ಎಳವೆಯಿಂದಲೇ ಕೇಳುತ್ತಾರೆ, ಮೆಚ್ಚುಗೆಯಿಂದ ಆಡಿದ ಆ ಮಾತೇ ಸೋತ ದಿನ, ‘ಹಾಗಾದರೆ ನನ್ನ ರಕ್ತದಲ್ಲಿ ಇಲ್ಲ’ ಎಂಬ ತೀರ್ಮಾನವಾಗಿ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ತಮ್ಮ ಸಹಸಂಶೋಧಕಿಯೊಡನೆ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣ್ಮೆಗಾಗಿ ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರೆ, ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪಟ್ಟು ಹಿಡಿದು ಮುಂದುವರಿದರು.

ಆದರೆ ‘ಇನ್ನೂ ಶ್ರಮಪಡು’ ಎಂದಷ್ಟೇ ಹೇಳುವುದು ಈಗಾಗಲೇ ಶ್ರಮಪಟ್ಟ ಹುಡುಗಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ತನ್ನ ಕೊರತೆ ಯಾವುದೆಂದು ತರಬೇತುದಾರರನ್ನು ಅವಳೇ ಕೇಳಲಿ. ಕೋಲನ್ನು ಮಗುಚಿ ಹಿಡಿಯುವ ರಿವರ್ಸ್ ಸ್ಟಿಕ್‌ನಲ್ಲಿ ಚೆಂಡು ತಡೆಯುವುದೋ, ಓಡುತ್ತಲೇ ಪಾಸ್ ಕೊಡುವುದೋ, ಒಂದೇ ಕೌಶಲವನ್ನು ಆಯ್ದುಕೊಂಡು, ಕೆಲವು ವಾರಗಳಲ್ಲಿ ಫಲ ಕಾಣದಿದ್ದರೆ ಅಭ್ಯಾಸದ ಕ್ರಮವನ್ನೇ ಬದಲಿಸಲಿ. ನಮ್ಮ ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ, 2010 ಮತ್ತು 2023ರ ಯುಎಸ್ ಓಪನ್ ಪುರುಷರ ಡಬಲ್ಸ್ ಫೈನಲ್‌ಗಳಲ್ಲಿ ಸೋತರೂ, ಸವೆದ ಮೊಣಕಾಲುಗಳಿಗಾಗಿ ಅಯ್ಯಂಗಾರ್ ಯೋಗವನ್ನು ರೂಢಿಸಿಕೊಂಡು, 2024ರಲ್ಲಿ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ಈ ವಾರ ಮಾತ್ರ ಆಯ್ಕೆಯ ಮಾತೆತ್ತಬೇಡಿ. ಅವಳಾಗಿಯೇ ಮಾತಿಗೆ ಬಂದಾಗ, ಆಯ್ಕೆಯಾದ ಗೆಳತಿಯರೊಡನೆ ಹೋಲಿಸದೆ ಕೇಳಿಸಿಕೊಳ್ಳಿ.