ಎಲ್ಲರೂ ‘ವಿಶ್ವಾಸಿಸುತ್ತೇವೆ’ ಅಂದರು, ನನಗೆ ಬಾಯಿ ಬರಲಿಲ್ಲ

ಪ್ರಶ್ನೆ: ನಮ್ಮ ತವರು ಭದ್ರಾವತಿ. ಮದುವೆಯಾದ ಮೇಲೆ ಮುಂಬೈಯ ಅಂಧೇರಿ ಪೂರ್ವದಲ್ಲಿದ್ದೇವೆ. ಚರ್ಚಿನಲ್ಲಿ ಭಾನುವಾರ ಬೈಬಲ್ ವಾಚನ ಓದುತ್ತೇನೆ. ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುವ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸನ್ನೂ ತೆಗೆದುಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಅಪ್ಪ ಐಸಿಯುನಲ್ಲಿ ತೀರಿಕೊಂಡರು. ಆಮೇಲೆ ಗಂಡನ ಕೆಲಸ ಹೋಯಿತು. ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗಿ ಅಕ್ಕಪಕ್ಕದವರೆಲ್ಲ ಚದುರಿದರು. ಪ್ರಾರ್ಥನೆಗೆ ಕೂತರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತದೆ. ಈ ಸಲ ಪಾಸ್ಖ ಜಾಗರಣೆಯಲ್ಲಿ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ, ಮೇಣದಬತ್ತಿ ಹಿಡಿದು ನಿಂತಿದ್ದೆ. ಫಾದರ್ ‘ವಿಶ್ವಾಸಿಸುತ್ತೀರಾ?’ ಎಂದು ಕೇಳಿದಾಗ ಎಲ್ಲರೂ ಉತ್ತರಿಸಿದರು. ನನಗೆ ಆಗಲಿಲ್ಲ. ಎಂಟು ವರ್ಷದ ಮಗ ತಲೆಯೆತ್ತಿ ನನ್ನ ಮುಖ ನೋಡಿದ. ನಂಬಿಕೆಯೇ ಇಲ್ಲದೆ ಮಕ್ಕಳಿಗೆ ಪಾಠ ಹೇಳುವುದು ಮೋಸ ಅಲ್ವಾ? ಎಲ್ಲ ಬಿಟ್ಟುಬಿಡಲಾ? ಗಂಡನಿಗೂ ಇದನ್ನು ಹೇಳಿಲ್ಲ.
– ಹೆಸರು ಬೇಡ, ಮುಂಬೈ

ಉತ್ತರ: ತಂಗೀ, ನೀವು ಮೋಸ ಮಾಡಿಲ್ಲ. ಮನಸ್ಸಿನಲ್ಲಿ ಇಲ್ಲದ ಮಾತನ್ನು ಅಷ್ಟು ದೊಡ್ಡ ರಾತ್ರಿ ಬಾಯಲ್ಲಿ ಹೇಳಲು ಒಪ್ಪಲಿಲ್ಲ, ಅಷ್ಟೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಸ್ಟರ್ ಅಂದರೆ ಗಟ್ಟಿ ನಂಬಿಕೆ ಇರುವವರ ಹಬ್ಬ ಅಂದುಕೊಂಡು ನಿಮ್ಮನ್ನು ನೀವೇ ಬಾಗಿಲಾಚೆ ನಿಲ್ಲಿಸಿಕೊಂಡಿದ್ದೀರಿ. ಮೊದಲ ಈಸ್ಟರ್ ಹಾಗೆ ಇರಲೇ ಇಲ್ಲ. ಯೇಸುವಿನ ಸಮಾಧಿಗೆ ಹೋದ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ ಅಂತ ಮಾರ್ಕನ ಶುಭಸಂದೇಶದಲ್ಲಿದೆ. ಲೂಕನ ಪ್ರಕಾರ, ಅವರು ಬಂದು ಹೇಳಿದ್ದು ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರಿಗೆ ಹುಚ್ಚು ಮಾತು ಅನ್ನಿಸಿತು. ಮತ್ತಾಯನ ಕೊನೆಯ ಅಧ್ಯಾಯದಲ್ಲಂತೂ ಯೇಸುಸ್ವಾಮಿ ಎದುರಿಗೇ ಇದ್ದಾರೆ, ಆದರೂ ಕೆಲವರಿಗೆ ಸಂಶಯ. ಬರೆದವರು ಇದನ್ನೆಲ್ಲ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಇನ್ನು ಸಂತ ತೋಮಾಸರು, ಸ್ವಾಮಿಯ ಗಾಯಕ್ಕೆ ಬೆರಳಿಡದೆ ನಂಬುವುದಿಲ್ಲ ಅಂದ ಶಿಷ್ಯರು. ಹೆಚ್ಚಿನ ಭಾನುವಾರಗಳ ವಾಚನ ಮೂರು ವರ್ಷದ ಸರದಿಯಲ್ಲಿ ಬದಲಾಗುತ್ತದೆ, ಓದುವ ನಿಮಗೆ ಗೊತ್ತೇ ಇದೆ. ಪಾಸ್ಖ ಕಾಲದ ಎರಡನೇ ಭಾನುವಾರ ಮಾತ್ರ ಪ್ರತಿವರ್ಷ ತೋಮಾಸರದ್ದೇ ಕತೆ. ನಾವೆಲ್ಲ ಗಾಯಕ್ಕೆ ಬೆರಳಿಡುವ ಮಾತನ್ನೇ ಹಿಡಿದುಕೊಳ್ಳುತ್ತೇವೆ. ನನ್ನ ಮನಸ್ಸು ನಿಲ್ಲುವುದು ನಡುವಿನ ಎಂಟು ದಿನಗಳಲ್ಲಿ. ಉಳಿದವರೆಲ್ಲ ಸ್ವಾಮಿಯನ್ನು ನೋಡಿದೆವು ಅಂತ ಸಂಭ್ರಮದಲ್ಲಿದ್ದಾರೆ. ಒಬ್ಬರು ನಂಬುತ್ತಿಲ್ಲ. ಎಂಟು ದಿನ ಕಳೆದ ಮೇಲೆ ನೋಡಿದರೆ ಅವರು ಅದೇ ಮನೆಯಲ್ಲಿ, ಉಳಿದವರ ಜೊತೆಗೇ ಇದ್ದಾರೆ. ಸಿಟ್ಟುಮಾಡಿಕೊಂಡು ದೂರ ಹೋಗಿಲ್ಲ, ಅವರನ್ನು ಯಾರೂ ಹೊರಗೆ ಕಳಿಸಿಯೂ ಇಲ್ಲ. ಊಟಕ್ಕೆ ಕೂರುವಾಗ ಅವರಿಗೂ ಜಾಗ ಬಿಟ್ಟಿರಬೇಕು. ನನಗೆ ಗೊತ್ತಿರುವ ಧರ್ಮಕೇಂದ್ರ (ಒಂದು ಚರ್ಚಿನ ಸಮುದಾಯ) ಅಂದರೆ ಇದೇ.

ನೀವು ಮಕ್ಕಳಿಗೆ ಫ್ರಾನ್ಸಿನ ಸಂನ್ಯಾಸಿನಿ ಬಾಲಯೇಸುವಿನ ತೆರೇಸಮ್ಮನವರ ಬಗ್ಗೆ ಹೇಳಿರುತ್ತೀರಿ. ಅವರಿಗೆ ಕತ್ತಲು ಕವಿದದ್ದು 1896ರ ಈಸ್ಟರ್ ದಿನಗಳಲ್ಲೇ. ಸ್ವರ್ಗ ಅನ್ನುವುದು ನಿಜವಾಗಿ ಇದೆಯಾ ಅನ್ನುವ ಸಂಶಯ. 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಳ್ಳುವವರೆಗೂ ಅದು ಹೋಗಲಿಲ್ಲ. ಅವರನ್ನು 1925ರಲ್ಲಿ ಧರ್ಮಸಭೆ ಸಂತರೆಂದು ಸಾರಿತು.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಅಂಧೇರಿಯ ಸೀಪ್ಜ್ ಕೈಗಾರಿಕಾ ವಲಯದ ಒಳಗೆ ಸ್ನಾನಿಕ ಯೊವಾನ್ನರ ಹಳೇ ಚರ್ಚು ಪಾಳುಬಿದ್ದಿದೆ. 1579ರಲ್ಲಿ ಕಟ್ಟಿದ್ದು. 1840ರಲ್ಲಿ ಸಾಂಕ್ರಾಮಿಕ ರೋಗ ಬಂದು ಜನ ಊರು ಬಿಟ್ಟು ಮರೋಳ್‌ಗೆ ಹೋದರು. ಹೋಗುವಾಗ ಮೂರ್ತಿಗಳ ಜೊತೆ ಜ್ಞಾನಸ್ನಾನದ ತೊಟ್ಟಿಯನ್ನೂ ಸಾಗಿಸಿದರು. ಸಾವು ಕಂಡ ಮನೆಗಳವರು ಅವರು. ಆ ತೊಟ್ಟಿಗೆ ಹೆಗಲು ಕೊಟ್ಟವರೆಲ್ಲರ ನಂಬಿಕೆ ಆ ದಿನ ಗಟ್ಟಿಯಾಗಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ. ಆದರೂ ಹೊತ್ತರು.

ಈಗ ನೀವು ಏನು ಮಾಡಬೇಕು? ವಾಚನ ಬಿಡಬೇಡಿ. ಅಲ್ಲಿ ಓದುವುದು ನಿಮ್ಮ ಮನಸ್ಸಿನ ವರದಿ ಅಲ್ಲ, ಎಲ್ಲರಿಗೂ ಸೇರಿದ ಮಾತು. ಕ್ಲಾಸಿನ ವಿಷಯ ಬೇರೆ. ಮಕ್ಕಳು ನೇರವಾಗಿ ಕೇಳುತ್ತಾರೆ, ನೀವು ಉತ್ತರ ಕೊಡಲೇಬೇಕು. ಅಪ್ಪ ಹೋಗಿ ಒಂದು ವರ್ಷವೂ ಆಗಿಲ್ಲ. ಈ ಸಲದ ಮಕ್ಕಳನ್ನು ಅರ್ಧಕ್ಕೆ ಬಿಡದೆ ದಡ ಮುಟ್ಟಿಸಿ, ಹೊಸ ತರಗತಿಗೆ ಒಂದು ವರ್ಷ ರಜೆ ಕೇಳಿ. ‘ನನಗೆ ಸ್ವಲ್ಪ ಸಮಯ ಬೇಕು’ ಅಂದರೆ ಸಾಕು, ಕಾರಣವನ್ನೆಲ್ಲ ಬಿಡಿಸಿ ಹೇಳುವ ಅಗತ್ಯ ಇಲ್ಲ.

ಫಾದರ್ ಹತ್ತಿರ ಖಂಡಿತ ಮಾತಾಡಿ. ಪೂಜೆ ಮುಗಿದ ಮೇಲೆ ಬಾಗಿಲ ಹತ್ತಿರ ಸಿಗುವ ಎರಡು ನಿಮಿಷದಲ್ಲಿ ಅಲ್ಲ, ಮೊದಲೇ ಸಮಯ ಕೇಳಿ ಹೋಗಿ. ‘ಎಲ್ಲ ದೇವರ ಚಿತ್ತ’ ಅಂತ ಹೇಳಿ ಕಳಿಸಿಬಿಟ್ಟರೆ ಇನ್ನೊಬ್ಬ ಗುರುಗಳನ್ನೋ, ತಾಳ್ಮೆಯಿಂದ ಕೇಳುವ ಸಿಸ್ಟರ್ ಒಬ್ಬರನ್ನೋ ಹುಡುಕಿ. ಐಸಿಯು ಹೊರಗೆ ಕಾದವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಅಂತ ಹೇಳುವವರಿಗೆ ಗೊತ್ತಾಗುವುದಿಲ್ಲ. ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರನ್ನೂ ಕಾಣಿ. ದುಃಖದ ದಣಿವು ಎಷ್ಟೋ ಸಲ ನಂಬಿಕೆ ಹೋದ ಹಾಗೇ ಕಾಣುತ್ತದೆ.

ಮಗ ಕೇಳಿದರೆ ಸುಮ್ನೆ ಏನೋ ಒಂದು ಹೇಳಬೇಡಿ. ‘ಅಮ್ಮನಿಗೆ ಅಜ್ಜನ ನೆನಪು ತುಂಬಾ ಬರ್ತಿದೆ, ಪ್ರಾರ್ಥನೆ ಮಾಡೋದು ಕಷ್ಟ ಆಗ್ತಿದೆ, ನನಗಾಗಿ ನೀನು ಮಾಡು’ ಅನ್ನಿ. ಎಂಟು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಆ ಒಂದು ರಾತ್ರಿಗೆ ಎಲ್ಲ ಮುಗಿಯಿತು ಅಂತಲೂ ತಿಳಿಯಬೇಡಿ. ಪಾಸ್ಖ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ ಇದೆ.

ಇನ್ನು ನಿಮ್ಮ ಯಜಮಾನರು. ಅವರು ಆ ರಾತ್ರಿ ಉತ್ತರ ಕೊಟ್ಟರೋ ಇಲ್ಲವೋ ನೀವು ಬರೆದಿಲ್ಲ. ಕೆಲಸ ಕಳೆದುಕೊಂಡು ಮನೆಯಲ್ಲಿರುವವರು ಎಷ್ಟೋ ವಿಷಯ ಹೇಳುವುದೇ ಇಲ್ಲ. ಅವರೂ ಇದನ್ನೇ ನಿಮ್ಮಿಂದ ಮುಚ್ಚಿಟ್ಟಿರಬಹುದು. ಮೊದಲು ಅವರ ಜೊತೆ ಕೂತು ಮಾತಾಡಿ. ಬೇಕಾದರೆ ಫಾದರ್ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ.