ಹಿಮದ ಹಾಡು, ಸೆಕೆಯ ಊರು

ನಮಸ್ಕಾರ.

ಮಂಗಳೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ಎಂಬತ್ತರ ದಶಕದ ಕ್ರಿಸ್ಮಸ್ ರಜೆ. ಪಕ್ಕದ ಮನೆಯಿಂದ ಬರುತ್ತಿದ್ದ ಕುಸ್ವಾರ್ ತಟ್ಟೆ, ಅಂದರೆ ಕ್ರಿಸ್ಮಸ್ ತಿಂಡಿಗಳದ್ದು. ಆ ಮನೆಯ ಅಂಕಲ್ ದುಬೈಯಿಂದ ತಂದ ಟೇಪ್ ರೆಕಾರ್ಡರ್, ಅದರಲ್ಲಿ ಮತ್ತೆ ಮತ್ತೆ 'ಲಾಸ್ಟ್ ಕ್ರಿಸ್ಮಸ್'. ಕೊನೆಗೆ ನಿಮ್ಮ ಪ್ರಶ್ನೆ: "ಹಿಮವನ್ನೇ ಕಾಣದ ನಾವು ಬನಿಯನ್ ಒದ್ದೆಯಾಗುವ ಸೆಕೆಯಲ್ಲಿ ಕೂತು ಆ ಹಾಡಿಗೆ ಕಣ್ಣೀರು ಹಾಕಿದ್ದು ಬರೀ ನಾಟಕ ಅಲ್ವಾ?"

ನಾಟಕ ಅಂತೀರಾದರೆ, ಹಾಡಿದವರದ್ದೂ ನಾಟಕವೇ! ಅದು ರೆಕಾರ್ಡ್ ಆಗಿದ್ದು 1984ರ ಆಗಸ್ಟ್‌ನಲ್ಲಿ, ಲಂಡನ್ನಿನ ಅಡ್ವಿಷನ್ ಸ್ಟುಡಿಯೊದಲ್ಲಿ. ಅಲ್ಲಿ ಆಗ ನಡುಬೇಸಿಗೆ. ಮೂಡ್ ಬರಲಿ ಎಂದು ಸೌಂಡ್ ಎಂಜಿನಿಯರ್ ಕ್ರಿಸ್ ಪೋರ್ಟರ್ ಒಳಗೆಲ್ಲ ಕ್ರಿಸ್ಮಸ್ ಅಲಂಕಾರ ತೂಗುಹಾಕಿದ್ದರು. ಹಾಡು ಬ್ರಿಟನ್ನಿನ 'ವ್ಯಾಮ್' ತಂಡದ್ದು, ಜಾರ್ಜ್ ಮೈಕಲ್ ಮತ್ತು ಆಂಡ್ರ್ಯೂ ರಿಜ್ಲಿ ಇಬ್ಬರ ಜೋಡಿ, ಆದರೆ ಈ ಹಾಡಿನ ಕೀಬೋರ್ಡ್, ಡ್ರಮ್ ಮೆಷಿನ್, ಗಂಟೆಯ ಝಲ್ ಎಲ್ಲವೂ ಜಾರ್ಜ್ ಮೈಕಲ್ ಒಬ್ಬರದೇ ಕೈ. ಹಾಡು ಹುಟ್ಟಿದ್ದೂ ಸುಮ್ನೆ ಮನೆಯಲ್ಲಿ ಕೂತಿದ್ದಾಗ. ಗೆಳೆಯ ಆಂಡ್ರ್ಯೂ ರಿಜ್ಲಿ ಜತೆ ಅಪ್ಪ ಅಮ್ಮನ ಮನೆಯಲ್ಲಿ ಟಿವಿ ನೋಡುತ್ತಿದ್ದ ಜಾರ್ಜ್ ತಟ್ಟನೆ ಎದ್ದು ತನ್ನ ಹಳೇ ಕೋಣೆಗೆ ಹೋದರು. ಕೆಳಗೆ ಬಂದಾಗ ಪಲ್ಲವಿ ಸಿಕ್ಕಿತ್ತು.

ಇನ್ನೊಂದು ತಮಾಷೆ. ಹಾಡಿನ ಸಾಲುಗಳಲ್ಲಿ ಹಿಮ ಬೀಳುವ ಮಾತೇ ಇಲ್ಲ. ನಮ್ಮ ತಲೆಯಲ್ಲಿರುವ ಹಿಮವೆಲ್ಲ ವಿಡಿಯೊದ್ದು, ಸ್ವಿಟ್ಜರ್ಲೆಂಡಿನ ಸಾಸ್-ಫೀಯಲ್ಲಿ ತೆಗೆದದ್ದು. ನೀವು ಆಗ ವಿಡಿಯೊ ನೋಡಿರಲಿಲ್ಲ, ಕ್ಯಾಸೆಟ್ ಮಾತ್ರ. ಹಾಗಾದರೆ ಹಿಮ ಎಲ್ಲಿಂದ ಬಂತು ಸ್ವಾಮಿ? ಬಹುಶಃ ಅಂಕಲ್ ಮನೆಯ ಗ್ರೀಟಿಂಗ್ ಕಾರ್ಡ್‌ಗಳಿಂದ.

ನಿಮ್ಮ ಪತ್ರದಲ್ಲಿ ಒಂದು ತಿದ್ದುಪಡಿ. ಬಿಡುಗಡೆಯಾದ ವರ್ಷವೇ ಅದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು ಎಂದಿದ್ದೀರಿ. ಆಗಿರಲಿಲ್ಲ. ಮೊದಲ ಜಾಗದಲ್ಲಿದ್ದುದು ಇಥಿಯೋಪಿಯಾದ ಬರಕ್ಕೆ ಹಣ ಕೂಡಿಸಲು ಕಲಾವಿದರೆಲ್ಲ ಸೇರಿ ಹಾಡಿದ 'ಬ್ಯಾಂಡ್ ಏಡ್' ಹಾಡು. ಅದರಲ್ಲೂ ಜಾರ್ಜ್ ದನಿ ಇದೆ. ತಮ್ಮ ಹಾಡನ್ನು ತಾವೇ ಎರಡನೇ ಜಾಗಕ್ಕೆ ತಳ್ಳಿದಂತಾಯಿತು! ವ್ಯಾಮ್‌ನವರು ಈ ಹಾಡಿನ ರಾಯಲ್ಟಿಯನ್ನೂ ಅದೇ ಬರಕ್ಕೆ ಕೊಟ್ಟರು. ಮೊದಲ ಜಾಗ ಸಿಕ್ಕಿದ್ದು 2021ರ ಜನವರಿ 1ರಂದು. ಜಾರ್ಜ್ ಅಷ್ಟರಲ್ಲಿ ಇರಲಿಲ್ಲ. ಅವರು ತೀರಿಕೊಂಡದ್ದು 2016ರಲ್ಲಿ, ಡಿಸೆಂಬರ್ 25ರಂದೇ.

ಸೆಕೆಯ ವಿಷಯಕ್ಕೆ ಬಂದರೆ ಅಮೆರಿಕದವರು ಇನ್ನೂ ಜಾಸ್ತಿ. 'ಲೆಟ್ ಇಟ್ ಸ್ನೋ' ಬರೆದದ್ದು 1945ರ ಜುಲೈನಲ್ಲಿ, ಬಿಸಿಲಿಗೆ ಬೇಯುತ್ತಿದ್ದ ಹಾಲಿವುಡ್‌ನಲ್ಲಿ. ಅದೇ ಬೇಸಿಗೆಯಲ್ಲಿ ಅಲ್ಲೇ ಹತ್ತಿರ ಗೀತರಚನೆಕಾರ ಬಾಬ್ ವೆಲ್ಸ್ ಮೈ ತಂಪಾದೀತೆಂದು ಚಳಿಗಾಲದ ನಾಲ್ಕು ಸಾಲು ಗೀಚಿಟ್ಟಿದ್ದರು. ಅದನ್ನು ಕಂಡ 19 ವರ್ಷದ ಗಾಯಕ ಮೆಲ್ ಟಾರ್ಮೆ ಜತೆಗೂಡಿ ಮುಕ್ಕಾಲು ಗಂಟೆಯೊಳಗೆ 'ದಿ ಕ್ರಿಸ್ಮಸ್ ಸಾಂಗ್' ಮುಗಿಸಿದರು.

ನನಗೆ ಇವೆಲ್ಲಕ್ಕಿಂತ ಹತ್ತಿರದ್ದು 'ವೈಟ್ ಕ್ರಿಸ್ಮಸ್'. ಬರೆದ ಇರ್ವಿಂಗ್ ಬರ್ಲಿನ್ ಯಹೂದಿ, ಕ್ರಿಸ್ಮಸ್ ಅವರ ಹಬ್ಬವಲ್ಲ. 1928ರ ಕ್ರಿಸ್ಮಸ್ ದಿನ ಅವರ ಮೂರು ವಾರದ ಗಂಡುಮಗು ತೀರಿಕೊಂಡಿತು. ಆ ದುಃಖವೇ ಹಾಡಾಯಿತು ಎಂದು ನಾನು ಹೇಳಲಾರೆ. ಆದರೆ ವಿಷಯ ಗೊತ್ತಾದ ಮೇಲೆ ಹಾಡು ಬೇರೆ ಥರ ಕೇಳುತ್ತದೆ.

ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಅದನ್ನು ರೆಕಾರ್ಡ್ ಮಾಡಿದ್ದು 1942ರ ಮೇ ತಿಂಗಳಲ್ಲಿ. ಬರ್ಲಿನ್ ಬರೆದಿದ್ದ ಮೊದಲ ಚರಣ ಅದರಲ್ಲಿಲ್ಲ. ಕೆಲವು ಗಾಯಕರು ಆಮೇಲೆ ಅದನ್ನು ಸೇರಿಸಿ ಹಾಡಿದ್ದಾರೆ, ಹುಡುಕಿ ಕೇಳಿ. ಆ ಚರಣ ಸೇರಿದರೆ ಹಾಡು ಶುರುವಾಗುವುದು ಹಾಲಿವುಡ್ ಪಕ್ಕದ ಬೆವರ್ಲಿ ಹಿಲ್ಸ್‌ನಲ್ಲಿ. ಬಿಸಿಲು ಹೊಳೆಯುತ್ತಿದೆ, ಹುಲ್ಲು ಹಸಿರಾಗಿದೆ, ಕಿತ್ತಳೆ ಮರ, ತಾಳೆ ಜಾತಿಯ ಮರಗಳು ತೂಗುತ್ತಿವೆ. ನಿಮ್ಮ ಅಂಗಳದ ತೆಂಗಲ್ಲ, ಆದರೆ ಅದರ ದಾಯಾದಿಗಳೇ.

ಕುಸ್ವಾರ್ ಬಗ್ಗೆ ನೀವು ಬರೆದ ಎರಡು ಪುಟವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇವೆ.

– ಸಂಪಾದಕ